ಅನುಸೂಯಮ್ಮನಿಲ್ಲದ ಮೂವತ್ತೊಂದು ಕ್ಯಾಸೆಟ್ಟು

ಗಂಡಸಿಯ ಪುಟ್ಟಸ್ವಾಮಿ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ನುಡಿಸುತ್ತಿರಲಿಲ್ಲ. ಅರಸೀಕೆರೆಯ ರೈಲ್ವೆ ನೌಕರರೊಬ್ಬರು ವರ್ಗವಾಗಿ ಹೋಗುವಾಗ ಕೊಟ್ಟ ಗಿಟಾರು ಅದು. ಅದನ್ನು ಮನೆಯ ಅಟ್ಟದಲ್ಲಿ, ಕೊಬ್ಬರಿಯಾಗಲು ಹರಡಿದ್ದ ತೆಂಗಿನಕಾಯಿಗಳ ನಡುವೆ ಅಂಗಾತ ಮಲಗಿಸಿ, ತಂತಿಗಳ ಮೇಲೆ ಒಂದು ಒಣಕಾಯನ್ನು ಮೆಲ್ಲಗೆ ಉರುಳಿಸುತ್ತಿದ್ದ. ಕಾಯೊಳಗೆ ಚಿಪ್ಪು ಬಿಟ್ಟ ಕೊಬ್ಬರಿ ಗಡಗಡ ಅನ್ನುವುದು, ಹೊರಗೆ ತಂತಿ ನರಳುವುದು. ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಕೊಬ್ಬರಿ ಆಗಿದೆಯೇ ಎಂದು ತಿಳಿಯುವ ಮನೆತನದವನಿಗೆ ಅದು ಸಂಗೀತವಾಗಿ ಕೇಳಿಸಿತು.

"ಏನ್ಲಾ, ನಿನ್ ಗಿಟಾರಿಗೆ ಹೊಟ್ಟೆನೋವಾ? ಓಮಿನ ನೀರು ಕುಡಿಸ್ಲಾ!" ಎಂದು ಪಕ್ಕದ ತೋಟದ ಜವರಪ್ಪ ರೇಗಿಸುತ್ತಿದ್ದ.

ದೊಡ್ಡ ಕ್ಯಾಸೆಟ್ ಕಂಪನಿಗಳು ಇದನ್ನು ಮೂಸಿಯೂ ನೋಡುವುದಿಲ್ಲವೆಂದು ಪುಟ್ಟಸ್ವಾಮಿಗೆ ಗೊತ್ತಿತ್ತು. ಆದರೆ ಪುಣೆಯಲ್ಲೊಬ್ಬ, ಬೆಂಗಳೂರಿನಲ್ಲಿಬ್ಬರು ಬಾಡಿಗೆ ಕೋಣೆಯಲ್ಲೇ ಲೇಬಲ್ಲು ಎಂಬ ತಮ್ಮದೇ ಪುಟ್ಟ ಕಂಪನಿ ಕಟ್ಟಿ, ಯಾರಿಗೂ ಬೇಡವಾದ ಸಂಗೀತವನ್ನು ಹೊರತರುತ್ತಿದ್ದರು. ಅವರನ್ನು ನೋಡಿ, ಬೇಲೂರಿನಲ್ಲಿ ಪುಟ್ಟ ಸ್ಟುಡಿಯೋ ಇಟ್ಟಿದ್ದ ಶಶಿಯ ಜೊತೆ ಇವನೂ 'ಅಟ್ಟ' ಎಂಬ ಲೇಬಲ್ಲು ಶುರುಮಾಡಿದ. ಒಂದೊಂದು ಸಲಕ್ಕೆ ಐವತ್ತೇ ಕ್ಯಾಸೆಟ್ಟು. ಹೊದಿಕೆಯ ಕಾಗದ ಅಂಟಿಸುತ್ತಿದ್ದವಳು ಹೆಂಡತಿ ಅನುಸೂಯಮ್ಮ.

ಪುಟ್ಟಸ್ವಾಮಿಯದು ಒಂದೇ ಹಟ. ಗಿಟಾರು ಮತ್ತು ಕಾಯಿ ಬಿಟ್ಟರೆ ಬೇರೆ ಸದ್ದು ಇರಕೂಡದು. ಶಶಿ ಬಂದು ಅಟ್ಟದಲ್ಲೇ ರೆಕಾರ್ಡಿಂಗ್ ಮಾಡುವ ದಿನ ಅನುಸೂಯಮ್ಮ ಕುಕ್ಕರ್ ಇಡುತ್ತಿರಲಿಲ್ಲ. ಮುತ್ತೈದೆ ಬಳೆ ತೆಗೆಯಬಾರದು; ಹಾಗಾಗಿ ಬಳೆಗಳನ್ನು ಮೊಳಕೈವರೆಗೆ ತಳ್ಳಿ, ಸೆರಗಿನಿಂದ ಬಿಗಿಯಾಗಿ ಸುತ್ತಿಕೊಂಡು, ಮುಗಿಯುವವರೆಗೆ ಹಿತ್ತಲಲ್ಲಿ ಕೂರುತ್ತಿದ್ದಳು.

ಹೋದ ಮಾಘದಲ್ಲಿ ಮೂರು ದಿನದ ಜ್ವರ ಅವಳನ್ನು ಕರೆದೊಯ್ದಿತು.

ತಿಥಿ ಮುಗಿದು ನೆಂಟರು ಹೊರಟ ಮೇಲೆ ಅವನಿಗೆ ಅವಳ ದನಿ ಬೇಕೆನಿಸಿತು. ಫೋನಿನಲ್ಲಿ ವಿಡಿಯೋ ತೆಗೆಯಲು ಹೋದರೆ ನಾಚಿ ಬಾಯಿಗೆ ಸೆರಗು ಹಿಡಿಯುತ್ತಿದ್ದವಳು. ಕ್ಯಾಸೆಟ್ಟುಗಳಲ್ಲಾದರೂ ಸಿಕ್ಕಾಳೆಂದು ಇದುವರೆಗೆ ಹೊರತಂದ ಮೂವತ್ತೊಂದನ್ನೂ ಕೇಳಿದ. ಒಂದು ಕೆಮ್ಮಿಲ್ಲ, ಒಂದು ಹೆಜ್ಜೆಯ ಸದ್ದಿಲ್ಲ. ಇಪ್ಪತ್ತಾರು ವರ್ಷ ಅದೇ ಮನೆಯಲ್ಲಿ ಬಾಳಿದವಳು ಎಲ್ಲಿಯೂ ಇರಲಿಲ್ಲ.

ಮರುದಿನ ಬೆಳಿಗ್ಗೆಯೇ ಬೇಲೂರಿಗೆ ಹೋದ.

"ಬೇರೆ ಸದ್ದಿದ್ರೆ ಅಳಿಸಾಕು ಅಂತ ನೀವೇ ಹೇಳ್ತಿದ್ರಲ್ಲಣ್ಣ," ಎಂದು ಶಶಿ ತಲೆ ತಗ್ಗಿಸಿದ. ಆದರೂ ಹಳೆಯ ಕಂಪ್ಯೂಟರಿನಲ್ಲಿ ಮಧ್ಯಾಹ್ನದವರೆಗೂ ತಡಕಾಡಿದ. "ಒಂದು ಉಳಿದೈತೆ ನೋಡಿ. ಅರ್ಧಕ್ಕೇ ನಿಂತೋಗಿದ್ದು."

ಶಶಿ ಹಾಕಿದ ರೆಕಾರ್ಡಿಂಗಿನಲ್ಲಿ ಕಾಯಿ ತಂತಿಯ ಮೇಲೆ ಉರುಳಿತು. ದೂರದಲ್ಲಿ ಮಕ್ಕಳ ಗಲಾಟೆ. ಆಮೇಲೆ ಅವಳು.

"ಶ್... ಅತ್ಲಾಗೋಗಿ ಆಡ್ಕಳ್ರೋ! ನಮ್ಮನೆಯವ್ರು ಬಾರುಸ್ತಾ ಅವ್ರೆ."

ಕಾಯಿ ನಿಂತಿತು. ಹಿಂದೆಯೇ ಪುಟ್ಟಸ್ವಾಮಿಯ ಕೂಗು: "ನಿನ್ ಬಾಯಿಗಿಷ್ಟು! ಬೆಳಗ್ಗಿಂದ ಮಾಡಿದ್ದೆಲ್ಲ ಹಾಳಾಯ್ತಲ್ಲೇ!"

ಅವಳು ನಕ್ಕಳು. "ತಪ್ಪಾಯ್ತು ಕಣ್ರೀ. ಇನ್ಮೇಲೆ ಉಸಿರೂ ಬಿಡಾಕಿಲ್ಲ."

ಅಲ್ಲಿಗೆ ಮುಗಿಯಿತು. ಶಶಿ ಮೆಲ್ಲಗೆ ಕೇಳಿದ: "ಅಣ್ಣ, ನೀವು ಬೈದಿದ್ದು ತೆಗೆದ್ಬಿಡ್ಲಾ? ಅತ್ತಿಗೆ ಮಾತಷ್ಟೇ ಇರ್ಲಿ."

"ಬ್ಯಾಡ ಕಣೋ," ಎಂದ ಪುಟ್ಟಸ್ವಾಮಿ. "ನಾನು ಬೈದಿದ್ದಕ್ಕೇ ಅವಳು ನಕ್ಕಿದ್ದು. ಇದ್ದಂಗೇ ಕೊಡು."

ಗಂಡಸಿಯ ಕಡೆಗೆ ಹೋಗುವ ಸಂಜೆಯ ಬಸ್ಸು ಹೊರಟಿತು. ಪುಟ್ಟಸ್ವಾಮಿ ಕುರ್ಚಿಯಿಂದ ಏಳಲಿಲ್ಲ, ಅದನ್ನೇ ಮತ್ತೆ ಮೊದಲಿಂದ ಹಾಕಿಸಿದ.