ಮೊದಲಿನಾಕೆಯ ಪದಕ

ಹೆಣ್ಣು ನೋಡಲು ಬಂದ ಹುಡುಗನ ತಾಯಿ ಸೆರಗಿನ ಗಂಟು ಬಿಚ್ಚಿ, ಚಿಕ್ಕದೊಂದು ಬಂಗಾರದ ಪದಕ ತೆಗೆದು ನನ್ನ ಮಗಳು ಇಂದೂಳ ಮುಂದೆ ಇಟ್ಟರು. ಚಹಾ ತರುತ್ತಿದ್ದ ನಾನು ಬಾಗಿಲಲ್ಲೇ ನಿಂತೆ.

ಹುಡುಗನಿಗೆ ಇದು ಎರಡನೆಯ ಮದುವೆ; ಮೊದಲಿನಾಕೆ ತೀರಿಕೊಂಡಿದ್ದಳು. ನಮ್ಮಲ್ಲಿ ಹಾಗೆ ಬಂದ ಹೆಂಡತಿ ಸತ್ತವಳ ಹೆಸರಿನ ಪದಕವನ್ನು ಕೊರಳಿಗೆ ಕಟ್ಟಿಕೊಳ್ಳಬೇಕು. ಇಲ್ಲದಿದ್ದರೆ ಹೋದವಳು ಬಂದವಳನ್ನು ಬಾಳಗೊಡುವುದಿಲ್ಲ ಎನ್ನುತ್ತಾರೆ.

ನಾನು ಇದನ್ನೆಲ್ಲ ನಂಬುವವಳು. ವಿಠ್ಠಲನ ಮುಂದೆ ದೀಪ ಹಚ್ಚದೆ ನೀರೂ ಕುಡಿಯದವಳು. ಸಂಬಂಧದ ಸುದ್ದಿ ಬಂದಾಗಿನಿಂದ, ಕಂಡರಿಯದ ಆ ಹೆಣ್ಣಿಗೆ ಹೆದರಿ ನನಗೆ ಊಟ ಸೇರುತ್ತಿರಲಿಲ್ಲ.

ಆದರೂ ಬೇಡ ಅನ್ನುವ ಧೈರ್ಯ ಎಲ್ಲಿಂದ ತರಲಿ? ಇಂದೂಗೆ ಇಪ್ಪತ್ತೆರಡು. ತಂದೆ ಇಲ್ಲ. ಈ ಪುಣೆಯಲ್ಲಿ ನಮ್ಮ ಧಾರವಾಡದ ಕಡೆಯ ಮನೆಗಳೇ ಬೆರಳೆಣಿಕೆ. ಹುಡುಗನದು ಹತ್ತಿರದ ಭೋರ ಊರಿನಲ್ಲಿ ಬಟ್ಟೆ ಅಂಗಡಿ...

ಸಂಬಂಧ ತಂದ ನಾದಿನಿ ಗಂಗಾ ಅಡುಗೆಮನೆಯಲ್ಲಿ ನನ್ನ ಕಿವಿಯಲ್ಲಿ ಪಿಸುಗುಟ್ಟಿ ನಕ್ಕಳು. “ತಲಿ ಮ್ಯಾಲ ಕೂದಲ ಕಡಿಮಿ ಅವ ಖರೆ. ಅಂಗಡ್ಯಾಗ ಅರಿವಿ ಭಾಳ ಅವ, ವೈನಿ. ಸುಮ್ಮ ಹೂಂ ಅನ್ರಿ.”

ಕಂಟ್ರೋಲಿನ ಅಳತೆ ಸಕ್ಕರೆ ಉಳಿಸಿ ನಾನು ಮಾಡಿದ ಶಿರಾವನ್ನು ಬಂದವರು ತಿಂದರು. ಇಂದೂಳನ್ನು ನಡೆಸಿ ನೋಡಿದರು, ಹಾಡಿಸಿದರು, ಸೂಜಿಗೆ ದಾರ ಪೋಣಿಸಲು ಹೇಳಿದರು. ಕೊನೆಗೆ ಹುಡುಗನ ಕಾಕಾ ಉಪಚಾರಕ್ಕೆ ಕೇಳಿದರು. “ನಿನಗ ಏನರ ಕೇಳೋದದ ಏನವಾ?”

ಯಾವ ಹುಡುಗಿಯೂ ಕೇಳುವುದಿಲ್ಲ. ತಲೆ ತಗ್ಗಿಸಿ ಇಲ್ಲ ಎನ್ನಬೇಕು, ಅಷ್ಟೇ.

ಇಂದೂ ಪದಕವನ್ನು ಅಂಗೈಯಲ್ಲಿ ಇಟ್ಟುಕೊಂಡು ಹುಡುಗನನ್ನೇ ನೋಡಿದಳು. “ಇವರಿಗೆ ಏನ ಸೇರತಿತ್ರಿ?”

ಇಂಥ ಗಳಿಗೆಯಲ್ಲಿ ಸತ್ತವಳ ಸುದ್ದಿ ತೆಗೆಯುತ್ತಾರೆಯೇ!

“ಯಾರಿಗೆ? ಪದ್ಮಾವತಿಗೆ?” ಆತ ತಾಯಿಯ ಮುಖ ನೋಡಿದ. ತಾಯಿ ಶಿರಾದ ತಟ್ಟೆ ನೋಡಿದರು. ಆತ ನಕ್ಕುಬಿಟ್ಟ. “ಆಕಿ ಏನೂ ಬೇಡತಿದ್ದಿಲ್ಲ. ಅದು ಆಕಿ ಛಲೋ ಗುಣ.”

“ಏನಾಗಿತ್ರಿ ಅವರಿಗೆ?”

“ಜ್ವರ ಇತ್ತಂತ. ನನಗ ಹೇಳೇ ಇಲ್ಲ ನೋಡ್ರಿ.”

“ನೀವು ಊರಾಗ ಇದ್ದಿದ್ದಿಲ್ಲೇನು?”

“ಮನ್ಯಾಗ ಇದ್ದೆನಲ್ಲ. ದಿನಾ ಆಕೀನ ಊಟಕ್ಕ ಬಡಸತಿದ್ಲು.”

ಇಂದೂ ಅಂಗೈಯಲ್ಲಿದ್ದ ಪದಕದತ್ತ ನೋಡಿದಳು.

ಆತ ಸುಳ್ಳು ಹೇಳಲಿಲ್ಲ. ಹವೆಯ ಮಾತು ಆಡಿದಷ್ಟು ಸಹಜವಾಗಿ ಹೇಳಿದ. ಅದಕ್ಕೇ ನನಗೆ ಸತ್ತವಳಿಗಿಂತ ಈತನ ಹೆದರಿಕೆ ಹೆಚ್ಚಾಯಿತು.

ಈಗ ಬರೆಯುವಾಗಲೂ ಆ ಪದ್ಮಾವತಿ ಕಣ್ಣ ಮುಂದೆ ಬರುತ್ತಾಳೆ... ಸುಡುವ ಮೈಯಲ್ಲಿ ಬಗ್ಗಿ ಅನ್ನ ಬಡಿಸುತ್ತಿದ್ದಾಳೆ. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾಳೆ. ಉಣ್ಣುವವನು ತಲೆ ಎತ್ತುವುದಿಲ್ಲ.

ಒಮ್ಮೊಮ್ಮೆ ಬಡಿಸುವ ಆ ಕೈ ನನ್ನ ಇಂದೂನ ಕೈಯಂತೆ ಕಾಣುತ್ತದೆ.

ಪದಕವನ್ನು ಮಗಳ ಅಂಗೈಯಿಂದ ತೆಗೆದು ಹುಡುಗನ ತಾಯಿಗೆ ಕೊಟ್ಟೆ. “ನಮಗ ಋಣಾನುಬಂಧ ಇಲ್ರಿ” ಎಂದೆ. ಮತ್ತೊಮ್ಮೆ ಹೇಳಬೇಕಾಯಿತು.

ಅವರ ಟಾಂಗಾ ಮರೆಯಾಗುವುದನ್ನೇ ಕಾಯುತ್ತಿದ್ದ ಗಂಗಾ ಸಿಡಿದಳು. “ಇನ್ನ ಮಗಳನ್ನ ಆ ವಿಠ್ಠಲಗ ಕೊಡ್ರಿ! ಅವಗ ಎಷ್ಟರ ಪ್ರಶ್ನೆ ಕೇಳ್ಲಿ, ಎದ್ದು ಹೋಗಂಗಿಲ್ಲ.”

ಇನ್ನೊಂದು ಮನೆಯವರು ಬರುತ್ತಾರೋ ಇಲ್ಲವೋ... ಹುಡುಗಿ ಬಾಯಿಬಡಕಿ ಎಂಬ ಮಾತು ಆಗಲೇ ಪೇಟೆಯಲ್ಲಿ ಹಬ್ಬಿದೆ. ಆ ಭಯ ನನ್ನನ್ನು ಬಿಟ್ಟಿಲ್ಲ, ದಿನಾ ವಿಠ್ಠಲನ ಮುಂದೆ ಅದನ್ನೇ ಹೇಳಿಕೊಳ್ಳುತ್ತೇನೆ.

ಪದ್ಮಾವತಿಯ ಭಯ ಮಾತ್ರ ಹೋಗಿದೆ. ಅವಳ ಹೆಸರಿನಲ್ಲಿ ಒಂದು ಬತ್ತಿ ಹೆಚ್ಚು ಹಚ್ಚುತ್ತೇನೆ.

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ನಿಮಗೆ ಜ್ವರ ಬಂದರೆ ಮನೆಯಲ್ಲಿ ಯಾರಿಗೆ ಹೇಳುತ್ತೀರಿ?