ಹಡಗುಗಳಿಲ್ಲದ ಜಾಗ

ರಾಜಾಜಿನಗರದ ಆ ಹೊಸ ಬೀದಿಯಲ್ಲಿ ಶಂಭುಲಿಂಗಪ್ಪನವರನ್ನು ಕೇಳದೆ ಯಾರೂ ಹಪ್ಪಳ ಒಣಹಾಕುತ್ತಿರಲಿಲ್ಲ. ಹವಾಮಾನ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ ಅವರದು. ಮಳೆಯಪ್ಪನವರು ಎಂದು ಬೀದಿಯವರು ಚುಡಾಯಿಸುತ್ತಲೇ ಅವರ ಮಾತು ಕೇಳುತ್ತಿದ್ದರು. ಹೆಂಡತಿ ಕಲ್ಯಾಣಮ್ಮನಿಗಂತೂ ಗಂಡ ಹೇಳಿದರೆ ಮುಗಿಯಿತು.

ಅವರಿಗೆ ಹುಚ್ಚು ಹಿಡಿಸಿದ್ದು ಬಂಗಾಳ ಕೊಲ್ಲಿಯ ಚಂಡಮಾರುತಗಳು. ಹಳೆಯ ಬಿರುಗಾಳಿಗಳು ಎಲ್ಲಿ ಹುಟ್ಟಿ ಯಾವ ಕಡೆ ತಿರುಗಿದವು ಎಂಬುದೆಲ್ಲ ಬಾಯಿಪಾಠ. ಸಮುದ್ರವನ್ನು ಮಾತ್ರ ಅವರು ಕಣ್ಣಾರೆ ಕಂಡವರಲ್ಲ.

ಐವತ್ತೆರಡರ ನವೆಂಬರಿನಲ್ಲಿ ಮಗಳು ಶಿವಗಂಗಮ್ಮ ಬಸುರಿ. ಅಳಿಯ ನಾಗಪಟ್ಟಣದಲ್ಲಿ ಗುಮಾಸ್ತ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ, ಕರೆತರಲು ಕಲ್ಯಾಣಮ್ಮ ಟ್ರಂಕು ಕಟ್ಟಿ ನಿಂತರು.

"ಈಗ ಬೇಡ ಕಣೇ. ಕೊಲ್ಲೀಲಿ ಬಿರುಗಾಳಿ ಎದ್ದಿದೆ, ಮದರಾಸಿನ ಕಡೆ ತಿರುಗತ್ತೆ, ರೈಲು ಬರೋದೂ ಅದೇ ದಾರೀಲಿ. ಅದು ದಾಟ್ಲಿ."

"ನಂಗ್ಯಾಕೋ ಮನಸ್ಸು ಒಪ್ತಾ ಇಲ್ಲ ರೀ."

"ನಾನು ಹೇಳ್ತಾ ಇಲ್ವಾ? ಅಲ್ಲೇ ಇದ್ರೆ ಕ್ಷೇಮ."

ಕಲ್ಯಾಣಮ್ಮ ಟ್ರಂಕಿನಿಂದ ಸೀರೆಗಳನ್ನು ಹೊರಗಿಟ್ಟರು.

ಸಮುದ್ರದ ಸುದ್ದಿ ಆಗೆಲ್ಲ ಬರುತ್ತಿದ್ದುದು ಹಡಗುಗಳಿಂದ. ಎಚ್ಚರಿಕೆ ಹೋದೊಡನೆ ಹಡಗುಗಳು ದೂರ ಓಡುತ್ತವೆ. ಹಾಗಾಗಿ ಗಾಳಿ ಎಲ್ಲಿ ಜೋರೋ ಅಲ್ಲೇ ನಕ್ಷೆ ಖಾಲಿ. ಆ ಖಾಲಿ ಜಾಗದಲ್ಲಿ ಶಂಭುಲಿಂಗಪ್ಪನವರು ಹಳೆಯ ಬಿರುಗಾಳಿಗಳ ದಾರಿಯನ್ನೇ ನಂಬಿ, ಉತ್ತರಕ್ಕೆ ಬಾಗಿದ ಗೆರೆ ಎಳೆದಿದ್ದರು. ಈ ಗಾಳಿ ಬಾಗಲಿಲ್ಲ. ನೇರ ನಾಗಪಟ್ಟಣಕ್ಕೆ ನುಗ್ಗಿತು. ಬಾಡಿಗೆ ಮನೆಯ ಗೋಡೆ ಕುಸಿದು ಶಿವಗಂಗಮ್ಮ ಹೊಟ್ಟೆಯ ಕೂಸಿನೊಂದಿಗೆ ತೀರಿಕೊಂಡಳು.

ಕಲ್ಯಾಣಮ್ಮ ಗಂಡನಿಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಗಂಡನ ಜೀವಕ್ಕೆ ಸ್ವಲ್ಪ ಹಗುರಾಗುತ್ತಿತ್ತೋ ಏನೋ, ಪಾಪ.

ಶಂಭುಲಿಂಗಪ್ಪನವರು ಮತ್ತೆ ಕಚೇರಿಗೆ ಹೋದರು. ಆದರೆ ಹಡಗಿಲ್ಲದ ಕಡೆ ಗೆರೆ ಎಳೆಯುವುದನ್ನು ಬಿಟ್ಟರು.

"ಏನ್ರೀ, ಅರ್ಧಕ್ಕೇ ನಿಲ್ಸಿದೀರಿ?" ಎಂದು ಮೇಲಧಿಕಾರಿ ಗದರಿದರೆ, "ಅಲ್ಲೇನಿದೆ ಅಂತ ನಂಗೊತ್ತಿಲ್ಲ ಸಾರ್" ಎನ್ನುತ್ತಿದ್ದರು.

ಬೇಸಿಗೆ ಬಂತು. ಕಲ್ಯಾಣಮ್ಮ ಗಂಡನನ್ನು ಕೇಳದೆ ಅಂಗಳದಲ್ಲಿ ಹಪ್ಪಳ ಹರಡಿದರು. ಮಧ್ಯಾಹ್ನ ಮಾಗಡಿ ರಸ್ತೆಯ ಕಡೆ ಮೋಡ ಕಪ್ಪಾಯಿತು.

"ಮಳೆ ಬರತ್ತೆ ಕಣೇ, ಎತ್ಬಿಡು."

ಆಕೆ ಅಕ್ಕಿ ಆರಿಸುತ್ತಿದ್ದ ಮೊರದಿಂದ ತಲೆ ಎತ್ತಲಿಲ್ಲ. "ಬಂದ್ರೆ ಬರ್ಲಿ ಬಿಡಿ."

ಅವರು ಹೇಳಿದಂತೆಯೇ ಮಳೆ ಬಂತು. ಹಪ್ಪಳವೆಲ್ಲ ನೆನೆದು ಮುದ್ದೆಯಾಗುವವರೆಗೂ ಇಬ್ಬರೂ ಕೂತಲ್ಲಿಂದ ಏಳಲಿಲ್ಲ.