ಮಾರ್ಚ್ ಐದರ ಗುಂಡಿಯಲ್ಲಿ ನನ್ನ ಗಂಡ

ನನ್ನ ಗಂಡ ಲಂಬೆರ್ತೊ ಹಗ್ಗ ಹೊಸೆಯುವವನು. ಸೊಂಟಕ್ಕೆ ನಾರು ಸುತ್ತಿಕೊಂಡು, ಹುರಿ ಬಿಡುತ್ತಾ ಬೆಳಗಿನಿಂದ ಸಂಜೆಯವರೆಗೆ ಹಿಂದಕ್ಕೇ ನಡೆಯುತ್ತಿದ್ದ. ತಲೆ ನುಣ್ಣಗೆ ಬೋಳು. ನಮ್ಮ ಸರಗೋಸಾ ಊರಿನ ಚಳಿಗಾಳಿಗೆ ಹೆದರಿ ಸದಾ ತಲೆಗೆ ವಸ್ತ್ರ ಕಟ್ಟಿರುತ್ತಿದ್ದ. ದೇಶದಲ್ಲಿ ಪುಟ್ಟ ರಾಣಿಗೂ ಅವಳ ಚಿಕ್ಕಪ್ಪ ಕಾರ್ಲೋಸನಿಗೂ ಪಟ್ಟಕ್ಕಾಗಿ ಯುದ್ಧ ನಡೆಯುತ್ತಿತ್ತು. ನಮ್ಮೂರು ರಾಣಿಯ ಕಡೆ. ಇವನು ಮಾತ್ರ, "ಯಾರ್ ಗೆದ್ರೂ ಕತ್ತೆ ಕಟ್ಟಕ್ಕೆ ಹಗ್ಗ ಬೇಕಲ್ವೇನೇ" ಅನ್ನುತ್ತಿದ್ದ.

ಆ ಮಾರ್ಚ್ ಐದರ ನಸುಕಿನಲ್ಲಿ ಕಾರ್ಲೋಸನ ಸೈನ್ಯ ಗೋಡೆ ಹತ್ತಿ ಊರೊಳಗೆ ನುಗ್ಗಿತು. ಜನ ಒಳಅಂಗಿಯಲ್ಲೇ ಎದ್ದು ಬಂದರು. ನಾವು ಹೆಂಗಸರು ಮೇಲಿನಿಂದ ಕುದಿಯುವ ಎಣ್ಣೆ, ಒರಳುಕಲ್ಲು, ಕುರ್ಚಿ, ಸಿಕ್ಕಿದ್ದೆಲ್ಲ ಎಸೆದೆವು. ಇವನು ನಾರು ಬಾಚುವ ಮುಳ್ಳುಹಲಗೆ ಹಿಡಿದು ಮೆಟ್ಟಿಲಿಳಿದ.

"ಯಾರ್ ಗೆದ್ರೂ ಒಂದೇ ಅಂತಿದ್ಯಲ್ಲ?" ಅಂದೆ.

"ಬೀದಿ ನಮ್ದು ಕಣೇ. ಬಾಗ್ಲು ಹಾಕ್ಕೋ."

ಹೊತ್ತೇರುವಷ್ಟರಲ್ಲಿ ಅವರು ಓಡಿದರು. ಊರು ಗೆದ್ದಿತು. ಇವನು ಬರಲಿಲ್ಲ.

ಎದುರುಮನೆಯ ಪೀಪಾಯಿ ಮಾಡುವ ಪೊನ್ಸಿಯಾನೊ ಸಿಕ್ಕಿದ. ಅವನ ತೋಳಿಗೆ ನನ್ನ ಗಂಡನ ತಲೆವಸ್ತ್ರ ಕಟ್ಟಿತ್ತು, ರಕ್ತದಲ್ಲಿ ನೆಂದಿತ್ತು.

"ಅಣ್ಣನೇ ಬಿಚ್ಚಿ ಕಟ್ದ ಅಕ್ಕ. ಆಮೇಲೆ ತಲೆಗೆ ಚಳಿ ಅಂತ ಕೆಳಗ್ ಬಿದ್ದಿದ್ದ ಟೋಪಿ ಹಾಕ್ಕೊಂಡ."

"ಯಾರ ಟೋಪಿ?"

ಅವನು ನೆಲ ನೋಡಿದ. "ಕಾರ್ಲೋಸನ ಸೈನ್ಯದೋರ್ದು. ದುಂಡು ಟೋಪಿ. ಕಳ್‌ನನ್ಮಕ್ಳ ಟೋಪಿ ಬೆಚ್ಚಗಿದೆ ಕಣೋ ಅಂತ ನಗ್ತಾ ಹೋದ."

ಆ ಟೋಪಿ ಕಂಡಲ್ಲೆಲ್ಲ ನಮ್ಮವರು ಗುಂಡು ಹೊಡೆದಿದ್ದರು. ಹೆಣ ಎತ್ತುವವರೂ ಟೋಪಿ ನೋಡಿಯೇ ಬೇರೆ ಮಾಡಿದ್ದರು. ನಮ್ಮವರ ಹೆಣ ಇಗರ್ಜಿಗೆ, ಟೋಪಿಯವರದು ಊರಬಾಗಿಲಾಚೆಯ ಗುಂಡಿಗೆ. ಇಗರ್ಜಿಯಲ್ಲಿ ಇವನಿರಲಿಲ್ಲ. ನಾನೂ ಪೊನ್ಸಿಯಾನೊನೂ ಗುಂಡಿಗೆ ಓಡಿದೆವು. ಹೆಣಗಳ ಮೇಲೆ ಸುರಿಯುವ ಸುಣ್ಣದ ಗಾಡಿ ಆಗಲೇ ಬಂದು ನಿಂತಿತ್ತು.

"ನನ್ನ ಗಂಡ ಇದ್ರಲ್ಲಿದಾನೆ. ತೆಗೀರಿ," ಅಂದೆ.

ಕಾವಲಿನ ದಫೇದಾರ ನಕ್ಕ. "ಟೋಪಿಯೋರ ಹೆಂಡ್ತೀರ್ಗೆ ಈಗ ಗಂಡನ್ ನೆನಪಾಯ್ತಾ?"

"ಅವ್ನು ನಮ್ಮೋನು. ಬೋಳು ತಲೆ. ಟೋಪಿ ಎತ್ತಿ ನೋಡಿ, ಸಾಕು."

"ಈ ಬಟ್ಟೆ ಅವಂದೇ ದಫೇದಾರ್ರೇ," ಎಂದು ಪೊನ್ಸಿಯಾನೊ ತೋಳು ಚಾಚಿದ.

"ಇಂಥ ಬಟ್ಟೆ ಊರ್ ತುಂಬ ಐತೆ. ಹೋಗಯ್ಯ, ಕೈ ನೋಡ್ಕೋ."

ನಾನೇ ಇಳಿದೆ. ಒಂದು ಟೋಪಿ ಎತ್ತಿದೆ, ಕೂದಲಿತ್ತು. ಇನ್ನೊಂದು ಎತ್ತಿದೆ, ಅದಕ್ಕೂ ಕೂದಲು. ಇನ್ನೂ ಮೀಸೆ ಬಾರದ ಹುಡುಗರು. ಕೆಳಗಿನದಕ್ಕೆ ಕೈ ಹಾಕುವಾಗ ರಟ್ಟೆ ಹಿಡಿದು ನನ್ನನ್ನು ಮೇಲಕ್ಕೆಳೆದರು. ಕಚ್ಚಿದೆ. ಬಿಡಲಿಲ್ಲ. ಸುಣ್ಣ ಸುರಿದರು.

ಪೊನ್ಸಿಯಾನೊನ ತೋಳು ಕೊಳೆಯಿತು. ಈಸ್ಟರಿಗೆ ಮೊದಲೇ ತೀರಿಹೋದ. ಸಾಕ್ಷಿ ಅಂತ ಇದ್ದವನು ಅವನೊಬ್ಬನೇ.

ಆ ದಿನ ಈಗ ಊರಿನ ಹಬ್ಬ. ಹೊಳೆದಂಡೆಯ ತೋಪಿನಲ್ಲಿ ಜನ ಮಾಂಸ ಸುಟ್ಟು ತಿಂದು, ದ್ರಾಕ್ಷಾರಸ ಕುಡಿದು ಹಾಡುತ್ತಾರೆ. ಬೆಳಿಗ್ಗೆ ಇಗರ್ಜಿಯಲ್ಲಿ ಅಂದು ಸತ್ತ ನಮ್ಮವರ ಹೆಸರು ಹೇಳುತ್ತಾರೆ. ಇವನ ಹೆಸರು ಹೇಳುವುದಿಲ್ಲ. ವರ್ಷವರ್ಷವೂ ಹೋಗಿ, ಸೇರಿಸಿ ಅಂತ ಕೇಳುತ್ತೇನೆ. "ಸಾಕ್ಷಿ ತಗೊಂಡ್ ಬಾರಮ್ಮ," ಅನ್ನುತ್ತಾರೆ ಪಾದ್ರಿ. ಕೆಟ್ಟವರಲ್ಲ. ಬೇಸತ್ತಿದ್ದಾರೆ.

ಅಲ್ಲಿಂದ ಗುಂಡಿಯ ಹತ್ತಿರ ಹೋಗುತ್ತೇನೆ. ಅದರ ಮೇಲೆ ಯಾರೋ ಅವರೆಕಾಳು ಬಿತ್ತಿದ್ದಾರೆ, ಹುಲುಸಾಗಿ ಬಂದಿದೆ. ಕಣ್ಣು ಮುಚ್ಚಿ ಇವನಿಗೆ ಅಂತಲೇ ಪ್ರಾರ್ಥನೆ ಶುರು ಮಾಡುತ್ತೇನೆ. ಟೋಪಿ ಎತ್ತಿ ನೋಡಿದ ಆ ಹುಡುಗರ ಮುಖ ಬರುತ್ತದೆ. ಇವನದು ಬರುವುದಿಲ್ಲ.